ಕಡತದ ಕೆಲಸ ಡಿಜಿಟಲ್ ಆಗುವಾಗ ಬಳಕೆದಾರರ ಅಧ್ಯಯನ ಮತ್ತು ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಕಚೇರಿಯ ಅರ್ಜಿ ಕೆಲಸವನ್ನು ಕಂಪ್ಯೂಟರಿಗೆ ತರುವ ತಂಡಗಳ ಜೊತೆ ನಾನು ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದ ಡಿಸೈನರ್‌ಗಳು, ಪ್ರೋಗ್ರಾಮರ್‌ಗಳು, ಕೆಲವೊಮ್ಮೆ ಇಲಾಖೆಯ ಅಧಿಕಾರಿಗಳೂ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅವನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಉದಾಹರಣೆ ಬೇಕಾದಾಗೆಲ್ಲ ಪೌತಿ ಖಾತೆಯನ್ನೇ ತೆಗೆದುಕೊಂಡಿದ್ದೇನೆ. ಜಮೀನಿನ ಯಜಮಾನರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ ಕೆಲಸ ಅದು. ಜಮೀನಿರುವ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಡಿಜಿಟಲ್ ಕಡತ ಸೇವೆ ಅಂದರೆ ಆನ್‌ಲೈನ್ ಅರ್ಜಿ ಫಾರಂ ಅಲ್ವಾ?

ಫಾರಂ ಅದರ ಬಾಗಿಲು ಮಾತ್ರ. ಕರೆಂಟ್ ಬಿಲ್ ಕಟ್ಟಿದರೆ ಹಣ ಹೋಯಿತು, ರಸೀದಿ ಬಂತು, ಮುಗಿಯಿತು. ಯಾರೂ ಕೂತು ಯೋಚಿಸಬೇಕಿಲ್ಲ. ಪೌತಿ ಖಾತೆ ಹಾಗಲ್ಲ. ಅರ್ಜಿಯ ಜೊತೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬರುತ್ತವೆ. ಗ್ರಾಮ ಆಡಳಿತಾಧಿಕಾರಿ ನೋಡುತ್ತಾರೆ. ನೋಟಿಸ್ ಹೊರಡುತ್ತದೆ. ಯಾರದ್ದಾದರೂ ತಕರಾರು ಇದೆಯಾ ಎಂದು ಕಾಯುತ್ತಾರೆ. ಇಲ್ಲದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ. ತಕರಾರು ಬಂದರೆ ವಿಚಾರಣೆಗೆ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಹೀಗೆ ನಡುವೆ ಮನುಷ್ಯರು ಓದಿ, ಯೋಚಿಸಿ, ತೀರ್ಮಾನ ಮಾಡುವ ಕೆಲಸಕ್ಕೆ ಕಟ್ಟುವ ವ್ಯವಸ್ಥೆಯನ್ನು ನಾನು ಕಡತ ಸೇವೆ ಅನ್ನುತ್ತೇನೆ. ಜಾತಿ ಪ್ರಮಾಣಪತ್ರ, ವಿಧವಾ ವೇತನ, ಕಟ್ಟಡ ಪರವಾನಗಿ ಎಲ್ಲವೂ ಇದೇ ಬಗೆಯವು.

ಬಳಕೆದಾರರು ಅಂದರೆ ಅರ್ಜಿದಾರರು ತಾನೇ?

ಅರ್ಜಿದಾರರೂ ಹೌದು. ಆದರೆ ಮರೆತುಹೋಗುವ ಇನ್ನಿಬ್ಬರು ಇದ್ದಾರೆ.

ಗ್ರಾಮ ಒನ್ ಕೇಂದ್ರದಲ್ಲೋ ನಾಡಕಚೇರಿಯಲ್ಲೋ ಕೂತು ಅರ್ಜಿ ತುಂಬುವ ಆಪರೇಟರ್ ಒಬ್ಬರು. ಎಷ್ಟೋ ಊರುಗಳಲ್ಲಿ ಅರ್ಜಿದಾರರು ಸ್ಕ್ರೀನನ್ನೇ ನೋಡುವುದಿಲ್ಲ. ಆಧಾರ್ ಕಾರ್ಡ್ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ, ಮೊಬೈಲಿಗೆ ಬಂದ ಓಟಿಪಿ ಓದಿ ಹೇಳುತ್ತಾರೆ. ಕೀಬೋರ್ಡ್ ಮೇಲಿರುವ ಬೆರಳು ಆಪರೇಟರ್‌ದು.

ಇನ್ನೊಬ್ಬರು ಕೇಸ್ ವರ್ಕರ್. ಆದೇಶಗಳಲ್ಲಿ ವಿಷಯ ನಿರ್ವಾಹಕರು ಅಂತ ಬರೆಯುತ್ತಾರೆ. ಅರ್ಜಿದಾರರು ಈ ಸೇವೆಯನ್ನು ಜೀವನದಲ್ಲಿ ಒಂದೋ ಎರಡೋ ಸಲ ಬಳಸುತ್ತಾರೆ. ಕೇಸ್ ವರ್ಕರ್ ಬೆಳಿಗ್ಗೆಯಿಂದ ಸಂಜೆವರೆಗೆ ಅದರಲ್ಲೇ ಇರುತ್ತಾರೆ. ದಿನಕ್ಕೆ 40 ಅರ್ಜಿ ನೋಡುವವರಿಗೆ ಒಂದು ಅರ್ಜಿಗೆ 2 ಕ್ಲಿಕ್ ಜಾಸ್ತಿಯಾದರೆ ದಿನಕ್ಕೆ 80 ಕ್ಲಿಕ್ ಜಾಸ್ತಿ. ಆದರೂ ನಾನು ನೋಡಿದ ಹೆಚ್ಚಿನ ಯೋಜನೆಗಳಲ್ಲಿ ಶ್ರಮವೆಲ್ಲ ಅರ್ಜಿದಾರರ ಮೊಬೈಲ್ ಆ್ಯಪ್‌ಗೆ ಹೋಗುತ್ತದೆ. ಕೇಸ್ ವರ್ಕರ್‌ಗೆ ಹದಿನಾಲ್ಕು ಕಾಲಂನ ಒಂದು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದು ನನಗೆ ತುಂಬಾ ಬೇಸರದ ವಿಷಯ. ಒಬ್ಬ ಅಜ್ಜಿಯ ಅರ್ಜಿ ಒಪ್ಪಿಗೆ ಆಗುವುದೋ ತಿರಸ್ಕಾರ ಆಗುವುದೋ ಅನ್ನುವುದು ತೀರ್ಮಾನ ಆಗುವುದೇ ಆ ಪಟ್ಟಿಯ ಮುಂದೆ.

ಕಾಯ್ದೆ ಇದೆ, ಸುತ್ತೋಲೆ ಇದೆ. ಓದಿಕೊಂಡು ಸ್ಕ್ರೀನ್ ಮಾಡಿದರೆ ಆಗಲ್ವಾ?

ಏನಾಗಬೇಕು ಅನ್ನುವುದು ಸುತ್ತೋಲೆಯಲ್ಲಿ ಸಿಗುತ್ತದೆ. ಕೆಲಸ ಹೇಗೆ ನಡೆಯುತ್ತಿದೆ ಅನ್ನುವುದು ಮೇಜಿನ ಹತ್ತಿರ ಮಾತ್ರ ಸಿಗುತ್ತದೆ.

ವಂಶವೃಕ್ಷವನ್ನೇ ನೋಡಿ. "ವಂಶವೃಕ್ಷ ಲಗತ್ತಿಸಬೇಕು" ಅಂತ ನಿಯಮ. ಅದನ್ನು ಓದಿದ ಪ್ರೋಗ್ರಾಮರ್ ಒಂದು ಫೈಲ್ ಹಾಕುವ ಜಾಗ, ಪಕ್ಕದಲ್ಲಿ "ಪರಿಶೀಲಿಸಲಾಗಿದೆ" ಅನ್ನುವ ಟಿಕ್ ಇಡುತ್ತಾರೆ. ನಾವು ಒಬ್ಬ ಅನುಭವಿ ಕೇಸ್ ವರ್ಕರ್ ಪಕ್ಕ ಮೂರು ದಿನ ಕೂತೆವು. ಅವರು ವಂಶವೃಕ್ಷ ಕೈಗೆತ್ತಿಕೊಂಡ ಕೂಡಲೇ ಕೇಳುತ್ತಿದ್ದ ಮೊದಲ ಮಾತು, "ಹೆಣ್ಣುಮಕ್ಕಳು ಇಲ್ವಾ?" ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆದರೆ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಟ್ಟು ಬರೆದ ವಂಶವೃಕ್ಷಗಳು ಬರುತ್ತಲೇ ಇರುತ್ತವೆ. ಆ ಒಂದು ಪ್ರಶ್ನೆ ಯಾವ ಫಾರಂನಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದ ಅನುಭವದಲ್ಲಿತ್ತು. ಬರೀ ಟಿಕ್ ಇರುವ ಸ್ಕ್ರೀನನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೊಟ್ಟಿದ್ದರೆ, ಅವರು ಟಿಕ್ ಹಾಕಿ ಮುಂದೆ ಹೋಗುತ್ತಿದ್ದರು. ಒಬ್ಬ ಹೆಣ್ಣುಮಗಳ ಪಾಲು ಸದ್ದಿಲ್ಲದೆ ಹೋಗುತ್ತಿತ್ತು.

ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. 2000ದ ಸುಮಾರಿಗೆ ಬಂದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಪಹಣಿ ಬೇಗ ಸಿಗುವುದನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಖಾತೆ ಬದಲಾವಣೆಗೆ, ಅಂದರೆ ಮ್ಯುಟೇಷನ್‌ಗೆ ತಂದ ಸರದಿ ನಿಯಮ. ಮೊದಲು ಬಂದ ಅರ್ಜಿಯನ್ನು ಮೊದಲು ಮುಗಿಸಬೇಕು. ಯಾವ ಕಡತವನ್ನು ಮೊದಲು ಎತ್ತಿಕೊಳ್ಳಬೇಕು ಅನ್ನುವ ಅಧಿಕಾರ ಮೇಜಿನ ಮೇಲಿದೆ, ತೊಂದರೆ ಅಲ್ಲೇ ಹುಟ್ಟುತ್ತದೆ ಅಂತ ಗೊತ್ತಿದ್ದವರಿಗೆ ಮಾತ್ರ ಇಂಥ ನಿಯಮ ಹೊಳೆಯುತ್ತದೆ.

ಕಚೇರಿಗೆ ಹೋದರೆ ಮೊದಲ ದಿನ ಏನು ನೋಡಬೇಕು?

ಕಂಪ್ಯೂಟರ್ ನೋಡುವ ಮೊದಲು ಮೇಜು ನೋಡಿ. ಗಾಜಿನ ಕೆಳಗೆ ಏನಿಟ್ಟಿದ್ದಾರೆ? ಮಾನಿಟರ್‌ಗೆ ಯಾವ ಚೀಟಿ ಅಂಟಿಸಿದ್ದಾರೆ? ಕಡತದ ಮೇಲೆ ಪೆನ್ಸಿಲ್‌ನಲ್ಲಿ ಏನು ಬರೆದಿದ್ದಾರೆ? ವ್ಯವಸ್ಥೆ ಕೊಡದೇ ಇದ್ದದ್ದನ್ನು ಜನ ಹೀಗೆ ತಾವೇ ಮಾಡಿಕೊಂಡಿರುತ್ತಾರೆ.

ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಬಂದು ಎರಡು ವರ್ಷ ಆಗಿತ್ತು. ಆದರೂ ಕೇಸ್ ವರ್ಕರ್ ಮೇಡಂ ಹತ್ತಿರ ಉದ್ದನೆಯ ನೋಟ್‌ಬುಕ್ ಇತ್ತು. ಸ್ಕೇಲ್ ಇಟ್ಟು ಗೆರೆ ಹಾಕಿದ್ದರು. ಊರು, ತಂದೆಯ ಹೆಸರು, ಫೋನ್ ನಂಬರ್, ಏನು ಬಾಕಿ, ಮತ್ತೆ ಯಾವತ್ತು ಬರುತ್ತಾರೆ. ಯಾಕೆ ಮೇಡಂ ಅಂದರೆ, "ಜನ ಬಂದು ಅರ್ಜಿ ನಂಬರ್ ಹೇಳಲ್ಲ ಸರ್. ನಾನು ಇಂಥ ಊರು, ಇಂಥವರ ಮಗ ಅಂತಾರೆ. ಕಂಪ್ಯೂಟರ್ ನಂಬರ್ ಕೊಡು ಅನ್ನುತ್ತೆ" ಅಂದರು. ಸ್ಕ್ರೀನ್‌ನಲ್ಲಿ ಹುಡುಕಲು ಇದ್ದದ್ದು ಅರ್ಜಿ ಸಂಖ್ಯೆ ಒಂದೇ. ಅವರು ಗೆರೆ ಎಳೆದ ಆ ಪುಟದ ಮೊದಲ ನಾಲ್ಕು ಕಾಲಂಗಳನ್ನೇ ನಾವು ಹೊಸ ಹುಡುಕಾಟದ ಸ್ಕ್ರೀನ್‌ಗೆ ತಂದೆವು. ಅದಕ್ಕಿಂತ ಒಳ್ಳೆಯ ಡಿಸೈನ್ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಅಡಚಣೆ ಎಣಿಸಿ. ಒಂದು ಗಂಟೆಯಲ್ಲಿ ಎಷ್ಟು ಜನ ಬಂದು ಮಾತಾಡಿಸಿದರು, ಎಷ್ಟು ಸಲ ಸಾಹೇಬರು ಕರೆದರು, ಎಷ್ಟು ಸಲ ಸರ್ವರ್ ನಿಂತಿತು, ಬೆರಳಚ್ಚು ಯಂತ್ರ ಎಷ್ಟು ಸಲ ಬೆರಳನ್ನು ಒಪ್ಪಲಿಲ್ಲ. ಅರ್ಧ ಪುಟ ಟಿಪ್ಪಣಿ ಟೈಪ್ ಮಾಡಿದವರು ಎದ್ದು ಹೋಗಿ ಬರುವಷ್ಟರಲ್ಲಿ ಲಾಗೌಟ್ ಆಗಿ ಬರೆದದ್ದೆಲ್ಲ ಹೋದರೆ, ಮುಂದಿನ ಸಲದಿಂದ ಟಿಪ್ಪಣಿ ಒಂದೇ ಸಾಲಿನದಾಗುತ್ತದೆ. ಆ ಒಂದು ಸಾಲಿನಿಂದ ಅರ್ಜಿದಾರರಿಗೆ ಯಾಕೆ ತಿರಸ್ಕಾರ ಆಯಿತು ಅಂತಲೇ ಗೊತ್ತಾಗುವುದಿಲ್ಲ.

ಸಾಹೇಬರು ನಾನೂ ಪಕ್ಕದಲ್ಲಿ ಕೂರುತ್ತೇನೆ ಅಂದರೆ?

ಮೊದಲ ಅರ್ಧ ಗಂಟೆ ಕೂರಲಿ, ಗೌರವದಿಂದ ಟೀ ಕುಡಿಯಿರಿ. ಆಮೇಲೆ "ಸರ್, ನಿಮ್ಮ ಜೊತೆ ಬೇರೆಯಾಗಿ ಮಾತಾಡಬೇಕು, ಮಧ್ಯಾಹ್ನ ಬರುತ್ತೇವೆ" ಅನ್ನಿ. ಮೇಲಧಿಕಾರಿ ಎದುರಿಗಿದ್ದರೆ ಎಲ್ಲರೂ ನಿಯಮದ ಪ್ರಕಾರವೇ ಕೆಲಸ ಮಾಡಿ ತೋರಿಸುತ್ತಾರೆ. ನಿಜವಾದ ಕೆಲಸ ಅವರು ಎದ್ದು ಹೋದ ಮೇಲೆ ಶುರುವಾಗುತ್ತದೆ. ಒಂದು ಮಾತು ಮೊದಲೇ ಲಿಖಿತವಾಗಿ ಪಡೆದುಕೊಳ್ಳಿ: ಇಲ್ಲಿ ನೋಡಿದ್ದನ್ನು ಯಾವ ನೌಕರರ ಮೇಲೂ ಕ್ರಮಕ್ಕೆ ಬಳಸುವುದಿಲ್ಲ. ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿರುವುದು ಕಂಡರೆ "ಲಾಗಿನ್ ಹಂಚಿಕೊಳ್ಳುವ ಅಗತ್ಯ ಯಾಕೆ ಬಂತು" ಅಂತ ವರದಿಯಲ್ಲಿ ಬರೆಯಿರಿ. ಹೆಸರು ಬರೆಯಬೇಡಿ.

ಎಷ್ಟು ಜನರ ಜೊತೆ ಪರೀಕ್ಷೆ ಮಾಡಿದರೆ ಸಾಕು? ಐದು ಅಂತ ಕೇಳಿದ್ದೇವೆ.

ಆ ಐದರ ಲೆಕ್ಕ ಬಳಕೆದಾರರ ಅಧ್ಯಯನದ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ 1993ರಲ್ಲಿ ಕೊಟ್ಟ ಸೂತ್ರದಿಂದ ಬಂದದ್ದು. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರ ಸರಾಸರಿ 31% ತೊಂದರೆಗಳನ್ನು ಹೊರಗೆ ತರುತ್ತಿದ್ದ. ಆ ಲೆಕ್ಕದಲ್ಲಿ ಐದು ಜನ ಸುಮಾರು 85% ತೊಂದರೆ ತೋರಿಸುತ್ತಾರೆ. ಆದರೆ ಇದು ಒಂದೇ ಬಗೆಯ ಬಳಕೆದಾರರಿಗೆ ಒಪ್ಪುವ ಲೆಕ್ಕ. ಕಡತ ಸೇವೆಯಲ್ಲಿ ಅರ್ಜಿದಾರರು, ಆಪರೇಟರ್, ಕೇಸ್ ವರ್ಕರ್, ಮಂಜೂರು ಮಾಡುವ ಅಧಿಕಾರಿ ಎಲ್ಲರೂ ಬೇರೆ ಬೇರೆ ಬಗೆ. ಒಂದೊಂದು ಬಗೆಗೆ ಐದು ಅಂತ ಇಟ್ಟುಕೊಳ್ಳಿ. ಎಲ್ಲರನ್ನೂ ಒಂದೇ ಸಲ ಮುಗಿಸಬೇಡಿ. ಐದು ಜನರ ಹತ್ತಿರ ನೋಡಿ, ತಿದ್ದಿ, ಮತ್ತೆ ಐದು ಜನರ ಹತ್ತಿರ ಹೋಗಿ.

ಜನರಿಗೆ ಏನು ಕೇಳಬೇಕು?

"ಇಷ್ಟ ಆಯ್ತಾ?" ಅಂತ ಕೇಳಬೇಡಿ. ಉತ್ತರ ಗೊತ್ತೇ ಇದೆ. "ಚೆನ್ನಾಗಿದೆ ಸರ್." ಮನೆ ಬಾಗಿಲಿಗೆ ಬಂದವರಿಗೆ ನಮ್ಮ ಜನ ಚೆನ್ನಾಗಿಲ್ಲ ಅನ್ನುವುದಿಲ್ಲ.

ಕೆಲಸ ಕೊಡಿ, ನೋಡಿ. ಕೇಸ್ ವರ್ಕರ್‌ಗೆ, "ಕೊನೆಗೆ ಮುಗಿಸಿದ ಅರ್ಜಿ ಯಾವುದು? ಅದನ್ನು ಮೊದಲಿಂದ ಹೇಗೆ ಮಾಡಿದಿರಿ, ತೋರಿಸಿ" ಅನ್ನಿ. "ಸಾಮಾನ್ಯವಾಗಿ ಹೇಗೆ ಮಾಡುತ್ತೀರಿ" ಅಂದರೆ ಸುತ್ತೋಲೆ ಹೇಳುತ್ತಾರೆ. "ನಿನ್ನೆ ಹೇಗೆ ಮಾಡಿದಿರಿ" ಅಂದರೆ ನಡೆದದ್ದು ಹೇಳುತ್ತಾರೆ. ಅರ್ಜಿದಾರರಿಗೆ, "ಅಮ್ಮ, ಇದರಲ್ಲಿ ನಿಮ್ಮ ಅರ್ಜಿ ಈಗ ಎಲ್ಲಿದೆ ಅಂತ ಹುಡುಕಿ ನೋಡೋಣ" ಅನ್ನಿ. ಆಮೇಲೆ ಸುಮ್ನೆ ಇರಿ. ಅವರು ತಡವರಿಸಿದಾಗ ನಮ್ಮ ಬಾಯಿ ತಾನಾಗಿ ತೆರೆಯುತ್ತದೆ. ತಡೆದುಕೊಳ್ಳಬೇಕು. ತಡವರಿಸಿದ ಆ ಹತ್ತು ಸೆಕೆಂಡ್‌ನಲ್ಲೇ ನಮಗೆ ಬೇಕಾದದ್ದು ಇರುತ್ತದೆ.

ಪರೀಕ್ಷೆ ಅನ್ನುವ ಮಾತನ್ನೂ ಎಚ್ಚರದಿಂದ ಬಳಸಿ. ಶಾಲೆಯ ಪರೀಕ್ಷೆ ನೆನಪಾಗಿ ಎಷ್ಟೋ ಜನರ ಮುಖ ಸಣ್ಣದಾಗುತ್ತದೆ. "ನಾವು ಮಾಡಿದ್ದು ಸರಿ ಇದೆಯಾ ಅಂತ ನೀವು ನೋಡಿ ಹೇಳಬೇಕು. ತಪ್ಪಾದರೆ ತಪ್ಪು ನಮ್ಮದು" ಅಂತ ಶುರು ಮಾಡಿದರೆ ಕೂತವರು ಹಗುರಾಗುತ್ತಾರೆ.

ಓದು ಬರಹ ಬಾರದವರನ್ನು ಹೇಗೆ ಸೇರಿಸಿಕೊಳ್ಳುವುದು?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36%. ಹೆಣ್ಣುಮಕ್ಕಳಲ್ಲಿ 68.08%. ಗಂಡ ತೀರಿಕೊಂಡ ಮೇಲೆ ಪೌತಿಗೆ ಬರುವ ವಯಸ್ಸಾದ ತಾಯಂದಿರನ್ನು ನೆನೆಸಿಕೊಳ್ಳಿ. ಅವರನ್ನು ಬಿಟ್ಟು ಪರೀಕ್ಷೆ ಮಾಡಿದರೆ ಯಾರಿಗೆ ಸೇವೆ ಬೇಕೋ ಅವರನ್ನೇ ಬಿಟ್ಟಂತೆ.

ಅವರು ಸ್ಕ್ರೀನ್ ಬಳಸದೇ ಇರಬಹುದು. ಆದರೆ ಸೇವೆಯನ್ನು ಬಳಸುತ್ತಾರೆ. ಹಾಗಾಗಿ ಅವರ ಕೈಗೆ ಬರುವುದನ್ನು ಪರೀಕ್ಷೆ ಮಾಡಿ. ಸ್ವೀಕೃತಿ ಚೀಟಿ ಯಾರ ಹತ್ತಿರ ಓದಿಸುತ್ತಾರೆ? ಎಸ್ಎಂಎಸ್ ಬರುವುದು ಯಾರ ಫೋನಿಗೆ? ಎಷ್ಟೋ ಸಲ ಮಗನದ್ದೋ ಪಕ್ಕದ ಮನೆಯವರದ್ದೋ ನಂಬರ್ ಇರುತ್ತದೆ. ವಾರಸುದಾರರ ನಡುವೆ ಮನಸ್ತಾಪ ಇರುವ ಮನೆಯಲ್ಲಿ ಆ ಒಂದು ನಂಬರ್ ಯಾರದ್ದು ಅನ್ನುವುದು ಸಣ್ಣ ವಿಷಯ ಅಲ್ಲ. ತಾಯಿಯ ಅರ್ಜಿಯ ಸುದ್ದಿ ಒಬ್ಬ ಮಗನಿಗೆ ಮಾತ್ರ ಹೋಗುತ್ತಿರುತ್ತದೆ.

ಸಾಫ್ಟ್‌ವೇರ್ ಇನ್ನೂ ಬರೆದಿಲ್ಲ. ಈಗಲೇ ಏನು ಪರೀಕ್ಷೆ ಮಾಡುವುದು?

ಈಗಲೇ ಮಾಡಬೇಕು. ಬರೆದ ಮೇಲೆ ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ. ಎ4 ಹಾಳೆಯಲ್ಲಿ ಪೆನ್ನಿನಿಂದ ಬರೆದ ಸ್ಕ್ರೀನ್ ಸಾಕು. ಕಾಗದಕ್ಕೆ ಇನ್ನೊಂದು ಗುಣ ಇದೆ. ಅದರ ಮೇಲೆ ಗೀಚಲು ಕೇಸ್ ವರ್ಕರ್‌ಗಳು ಹಿಂಜರಿಯುವುದಿಲ್ಲ. ಮಿರುಗುವ ಸ್ಕ್ರೀನ್ ತೋರಿಸಿದರೆ ಎಲ್ಲ ಮುಗಿದುಹೋಗಿದೆ ಅಂದುಕೊಂಡು ಸುಮ್ಮನಾಗುತ್ತಾರೆ.

ಎಸ್ಎಂಎಸ್‌ಗಂತೂ ಏನೂ ಬೇಕಿಲ್ಲ. ನಿಮ್ಮ ಫೋನಿಂದ ಕಳಿಸಿ, ಏನು ಅರ್ಥ ಆಯಿತು ಅಂತ ಕೇಳಿ. "ನಿಮ್ಮ ಅರ್ಜಿಯನ್ನು ಆರ್‌ಐ ಲಾಗಿನ್‌ಗೆ ಫಾರ್ವರ್ಡ್ ಮಾಡಲಾಗಿದೆ" ಅಂತ ಕಳಿಸಿದಾಗ ಒಬ್ಬ ರೈತರು ಮಾರನೇ ದಿನ ಬಸ್ ಹತ್ತಿ ಕಚೇರಿಗೆ ಬಂದಿದ್ದರು. ಕರೆದಿದ್ದಾರೆ ಅಂದುಕೊಂಡರು. ಒಂದು ದಿನದ ಕೂಲಿ ಹೋಯಿತು. ಆಮೇಲೆ ಹೀಗೆ ಬರೆದೆವು: "ನಿಮ್ಮ ಪೌತಿ ಅರ್ಜಿಯನ್ನು ಕಂದಾಯ ನಿರೀಕ್ಷಕರು ನೋಡುತ್ತಿದ್ದಾರೆ. ನೀವು ಈಗ ಏನೂ ಮಾಡಬೇಕಿಲ್ಲ. ಕಚೇರಿಗೆ ಬರುವುದು ಬೇಡ." ಆ ಎರಡನೇ ಮತ್ತು ಮೂರನೇ ವಾಕ್ಯ ಓದಿದಾಗ ಜನ ನಿರಾಳವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪರೀಕ್ಷೆಗೆ ಎಂಥ ಅರ್ಜಿಗಳನ್ನು ಇಟ್ಟುಕೊಳ್ಳಬೇಕು?

ಗಲೀಜಾದವು. ಎಲ್ಲ ದಾಖಲೆ ಸರಿಯಿರುವ, ಹೆಸರು ಹೊಂದುವ ಅರ್ಜಿ ಯಾವ ಸಾಫ್ಟ್‌ವೇರ್‌ನಲ್ಲೂ ದಾಟುತ್ತದೆ. ಕೇಸ್ ವರ್ಕರ್‌ಗಳಿಗೆ "ತಲೆನೋವು ಕೊಟ್ಟ ಹತ್ತು ಕಡತ ಹೇಳಿ" ಅಂದರೆ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಮಗೆ ಸಿಕ್ಕ ಕೆಲವು ಹೀಗಿದ್ದವು.

ಪಹಣಿಯಲ್ಲಿ ಲಕ್ಷ್ಮಮ್ಮ ಕೋಂ ರಂಗಯ್ಯ. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ. ಮರಣ ಪ್ರಮಾಣಪತ್ರದಲ್ಲಿ ಲಕ್ಕಮ್ಮ. ಮೂವರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಬಿನ್, ಕೋಂ ಅನ್ನುವ ಪದಗಳನ್ನೇ ಹೆಸರಿನ ಭಾಗ ಮಾಡಿಕೊಂಡ ಡೇಟಾಬೇಸ್‌ಗಳನ್ನೂ ನೋಡಿದ್ದೇನೆ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ ಅಂತ ಬೇರೆ ಊರಿಂದ ಬಂದ ಪ್ರೋಗ್ರಾಮರ್‌ಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, ಎಕರೆ ಗುಂಟೆ. 40 ಗುಂಟೆಗೆ ಒಂದು ಎಕರೆ. 2 ಎಕರೆ 15 ಗುಂಟೆಗೆ 1 ಎಕರೆ 30 ಗುಂಟೆ ಸೇರಿಸಿದರೆ 4 ಎಕರೆ 5 ಗುಂಟೆ. ಆದರೆ ಅದನ್ನು 2.15 ಮತ್ತು 1.30 ಅಂತ ದಶಾಂಶವಾಗಿ ತುಂಬಿಸಿಕೊಂಡರೆ ಕಂಪ್ಯೂಟರ್ 3.45 ಅನ್ನುತ್ತದೆ. ಮೂವರು ಅಣ್ಣತಮ್ಮಂದಿರಿಗೆ ಹಂಚುವಾಗ ಈ ತಪ್ಪು ನುಸುಳಿದರೆ ಮನೆಯಲ್ಲಿ ಜಗಳ, ಆಮೇಲೆ ಕೋರ್ಟು. ಇದನ್ನು ಕಂಡುಹಿಡಿದದ್ದು ನಮ್ಮ ಎಂಜಿನಿಯರ್ ಅಲ್ಲ. ಪರೀಕ್ಷೆಗೆ ಕೂತ ಗ್ರಾಮ ಆಡಳಿತಾಧಿಕಾರಿ ಸಂಖ್ಯೆ ನೋಡಿದ ತಕ್ಷಣ "ಇದು ತಪ್ಪು" ಅಂದರು.

ಸರದಿ ನಿಯಮವನ್ನೂ ಹೀಗೇ ಪರೀಕ್ಷಿಸಬೇಕು. ಸಾಲಿನ ಮುಂದಿರುವ ಅರ್ಜಿಯಲ್ಲಿ ಒಂದು ದಾಖಲೆ ಬಾಕಿ ಇದ್ದರೆ ಹಿಂದಿನವರೆಲ್ಲ ಕಾಯಬೇಕಾ? ಪಕ್ಕಕ್ಕೆ ಇಡಲು ಅವಕಾಶ ಕೊಟ್ಟರೆ ಆ ಪಕ್ಕದ ಜಾಗವೇ ಹೊಸ ಮೂಲೆ ಆಗಿ ಕಡತಗಳು ಅಲ್ಲಿ ಕೊಳೆಯುತ್ತವಾ? ಒಂದು ವಾರದ ನಿಜವಾದ ಕೆಲಸದ ಹರಿವನ್ನು ಮೇಜಿನ ಮೇಲೆ ಚೀಟಿ ಇಟ್ಟು ಆಡಿಸಿ ನೋಡಿ.

ಕನ್ನಡದ ವಿಷಯದಲ್ಲಿ ಬೇರೆ ಏನು ನೋಡಬೇಕು?

ಟೈಪ್ ಮಾಡುವುದನ್ನು. ಕಚೇರಿಗಳಲ್ಲಿ ತುಂಬಾ ಜನ ನುಡಿ ಕೀಲಿಮಣೆಗೆ ಕೈ ಪಳಗಿಸಿಕೊಂಡಿದ್ದಾರೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಬೇರೆ ವಿಧಾನ ಕೊಟ್ಟರೆ ಅವರ ವೇಗ ಕಡಿಮೆ ಆಗುತ್ತದೆ. ಹಳೆಯ ಟಿಪ್ಪಣಿಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಇರುತ್ತವೆ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಅವರು ದಿನವೂ ಅಂಟಿಸುವ ಸಿದ್ಧ ಒಕ್ಕಣೆಗಳನ್ನು ತರಿಸಿ ಅಂಟಿಸಿ ನೋಡಿ.

ಒತ್ತಕ್ಷರ ನೋಡಿ. ಇಂಗ್ಲಿಷಿಗೆ ಅಳತೆ ಮಾಡಿದ ಬಟನ್‌ನಲ್ಲಿ "ರಾಷ್ಟ್ರೀಯ" ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ.

ಪದ ನೋಡಿ. ಮೈಸೂರು ಕಡೆ ಪಹಣಿ ಅನ್ನುವುದನ್ನು ಹುಬ್ಬಳ್ಳಿ, ಬೆಳಗಾವಿ ಕಡೆ ಉತಾರ ಅನ್ನುತ್ತಾರೆ. ಇಲ್ಲಿ ಪೌತಿ, ಅಲ್ಲಿ ವಾರಸಾ. ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾಯಿತು. ಕಾಗದದ ಪದಗಳು ಮಾತ್ರ ಜನರ ಬಾಯಲ್ಲಿ ಹಾಗೇ ಉಳಿದವು. ಬೆಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ಇಡೀ ರಾಜ್ಯಕ್ಕೆ ಬಿಟ್ಟರೆ ಇದು ಕಾಣುವುದೇ ಇಲ್ಲ. ಇನ್ನೂ ಒಂದು ವಿಷಯ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು ಸುಮಾರು 66%. ಉರ್ದು, ತುಳು, ಲಂಬಾಣಿ, ಕೊಂಕಣಿ, ತೆಲುಗು ಮನೆಗಳಿಂದ ಬಂದು ಕನ್ನಡದಲ್ಲಿ ಅರ್ಜಿ ಹಾಕುವವರನ್ನೂ ಕರೆಯಿರಿ. ಅವರು ಎಡವುವ ಪದದಲ್ಲಿ ಕನ್ನಡದವರೂ ಎಡವುತ್ತಿರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ನಿಜವಾದ ಅರ್ಜಿಗಳನ್ನೇ ಪರೀಕ್ಷೆಗೆ ಬಳಸಬಹುದಾ?

ಬೇಡ. ತೊಂದರೆಯನ್ನು ಹಾಗೇ ಇಟ್ಟುಕೊಂಡು ಹೆಸರು, ಊರು, ಸರ್ವೆ ನಂಬರ್ ಎಲ್ಲ ಬದಲಾಯಿಸಿ. ಆಧಾರ್ ತೋರಿಸಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣಲಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಪ್ರಕರಣ ಹಾಕಿದ್ದ ಕೆ. ಎಸ್. ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಮುಕ್ತವಾಗಿ, ತಿಳಿದು ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೇಳುವ ಮಾತು ಕನ್ನಡದಲ್ಲೂ ಸಿಗಬೇಕು.

ಕಚೇರಿಯ ಸಾಲಿನಲ್ಲಿ ನಿಂತವರ ಹತ್ತಿರ ಒಪ್ಪಿಗೆ ಕೇಳುವಾಗ ಇನ್ನಷ್ಟು ಎಚ್ಚರ ಬೇಕು. ಬೇಡ ಅಂದರೆ ನನ್ನ ಅರ್ಜಿ ನಿಂತುಹೋಗುತ್ತದೇನೋ ಅಂತ ಅವರಿಗೆ ಭಯ ಇರುತ್ತದೆ. "ಇದಕ್ಕೂ ನಿಮ್ಮ ಅರ್ಜಿಗೂ ಸಂಬಂಧ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಆದಷ್ಟು ಅವರ ಕೆಲಸ ಮುಗಿದ ಮೇಲೆ ಮಾತಾಡಿಸಿ. ಅವರ ದಿನದ ಕೂಲಿ, ಬಸ್ ಖರ್ಚು ಕೊಡಿ.

ಸಕಾಲದ ಗಡುವು ಇದೆಯಲ್ಲ. ಅದು ಡಿಸೈನ್‌ಗೆ ಹೇಗೆ ಸಂಬಂಧ?

ತುಂಬಾ ಸಂಬಂಧ ಇದೆ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಇಷ್ಟು ದಿನ ಅಂತ ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ನಾಗರಿಕರಿಗೆ ಇದು ದೊಡ್ಡ ಬಲ. ಆದರೆ ಗಡುವಿನ ಗಡಿಯಾರವನ್ನು ಕೇಸ್ ವರ್ಕರ್ ಸ್ಕ್ರೀನ್‌ನಲ್ಲಿ ಕೆಂಪಗೆ ತೋರಿಸಿದರೆ ಅವರು ಏನು ಮಾಡುತ್ತಾರೆ ಅನ್ನುವುದನ್ನು ಪರೀಕ್ಷೆ ಮಾಡಲೇಬೇಕು. ಕೊನೆಯ ದಿನ ಬಂತು, ಒಂದು ದಾಖಲೆ ಬಾಕಿ ಇದೆ. ಫೋನ್ ಮಾಡಿ ತರಿಸುವುದು ಸುಲಭವೋ, ತಿರಸ್ಕರಿಸಿ ಹಿಂಬರಹ (ಕಾರಣ ಬರೆದ ಪತ್ರ) ಕೊಡುವುದು ಸುಲಭವೋ? ಎರಡನೆಯದು ಒಂದು ಕ್ಲಿಕ್, ಮೊದಲನೆಯದು ಹತ್ತು ನಿಮಿಷ ಆದರೆ ಯಾವುದು ನಡೆಯುತ್ತದೆ ಅಂತ ಊಹಿಸಬಹುದು. ಲೆಕ್ಕದಲ್ಲಿ ಎರಡೂ "ವಿಲೇವಾರಿ". ನಾವು ಫೋನ್ ನಂಬರ್ ಮತ್ತು "ಈ ದಾಖಲೆ ಬೇಕು" ಅನ್ನುವ ಸಿದ್ಧ ಎಸ್ಎಂಎಸ್ ಎರಡನ್ನೂ ತಿರಸ್ಕಾರದ ಬಟನ್‌ಗಿಂತ ಮೇಲೆ ಇಟ್ಟು ನೋಡಿದೆವು. ಮುಂದಿನ ಸುತ್ತಿನ ಪರೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಮೊದಲು ಅದನ್ನೇ ಒತ್ತಿದರು.

ಬೇರೆ ದೇಶಗಳಲ್ಲಿ ಇದನ್ನು ಮಾಡದೆ ಪೆಟ್ಟು ತಿಂದದ್ದು ಇದೆಯಾ?

ಬ್ರಿಟನ್‌ನ ಯೂನಿವರ್ಸಲ್ ಕ್ರೆಡಿಟ್ ಇದೆ. ಆರು ಬೇರೆ ಬೇರೆ ನೆರವುಗಳನ್ನು ಒಂದು ಮಾಡುವ ಯೋಜನೆ. 2013ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿಯ ವರದಿ ಬಂತು. ಅಷ್ಟರಲ್ಲೇ 3.4 ಕೋಟಿ ಪೌಂಡ್ ಬೆಲೆಯ ತಂತ್ರಾಂಶವನ್ನು ಕೈಬಿಡಬೇಕಾಗಿತ್ತು. ಆಮೇಲೆ ಸಣ್ಣ ತಂಡ ಹೊಸ ಡಿಜಿಟಲ್ ಸೇವೆ ಕಟ್ಟಿ, 2014ರ ನವೆಂಬರ್‌ನಲ್ಲಿ ಲಂಡನ್‌ನ ಸಟ್ಟನ್‌ನಲ್ಲಿ ಮಾತ್ರ, ಕೆಲವೇ ಅರ್ಜಿದಾರರ ಜೊತೆ ಶುರು ಮಾಡಿತು. ನೋಡುತ್ತಾ ತಿದ್ದುತ್ತಾ ಬೇರೆ ಊರುಗಳಿಗೆ ಹೋಯಿತು. ಯೋಜನೆಯ ಬಗ್ಗೆ ಅಲ್ಲಿ ಈಗಲೂ ಟೀಕೆಗಳಿವೆ. ಆದರೆ ಒಂದು ಊರಲ್ಲಿ ಶುರು ಮಾಡಿ ಕಲಿಯುವ ಕ್ರಮ ನಮಗೂ ಬೇಕು. ಒಂದು ಹೋಬಳಿ ಸಾಕು.

ಟೆಂಡರ್‌ನಲ್ಲಿ ಯುಎಟಿ (ತಂತ್ರಾಂಶ ಒಪ್ಪಿಕೊಳ್ಳುವ ಮೊದಲಿನ ಸ್ವೀಕಾರ ಪರೀಕ್ಷೆ) ಇದೆ. ಅದೇ ಪರೀಕ್ಷೆ ಅಲ್ವಾ?

ಅಲ್ಲ. ಯುಎಟಿಯಲ್ಲಿ ಕೇಳುವುದು, ಒಪ್ಪಂದದಲ್ಲಿ ಬರೆದದ್ದು ಕೆಲಸ ಮಾಡುತ್ತಿದೆಯಾ ಅಂತ. ಬರೆದದ್ದೇ ತಪ್ಪಾಗಿದ್ದರೆ ಅದು ಗೊತ್ತಾಗುವುದಿಲ್ಲ. ಮೇಲೆ ಹೇಳಿದ ವಂಶವೃಕ್ಷದ ಟಿಕ್ ಯುಎಟಿಯಲ್ಲಿ ಪಾಸಾಗುತ್ತದೆ. ಜೊತೆಗೆ ಅದು ಬರುವುದು ಕೊನೆಯಲ್ಲಿ, ಬಿಲ್ ಪಾಸಾಗಬೇಕಾದ ಹೊತ್ತಿನಲ್ಲಿ. ಟೆಂಡರ್ ಬರೆಯುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಮೂರು ಸುತ್ತಿನ ಕಚೇರಿ ಅಧ್ಯಯನ, ಪ್ರತಿ ಸುತ್ತಿನ ನಂತರ ತಿದ್ದುಪಡಿಗೆ ಸಮಯ, ಎರಡನ್ನೂ ಕೆಲಸದ ಪಟ್ಟಿಯಲ್ಲೇ ಬರೆದುಬಿಡಿ.

ವಿಕಲಚೇತನರಿಗೆ ಬೇರೆ ಪರೀಕ್ಷೆ ಬೇಕಾ?

ಬೇಕು. ಅರ್ಜಿದಾರರಿಗಷ್ಟೇ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಕೆಲಸದಲ್ಲಿ 4% ಮೀಸಲಾತಿ ಇದೆ. ಅಂದರೆ ಕಣ್ಣು ಕಾಣದ ಕೇಸ್ ವರ್ಕರ್ ಇರುತ್ತಾರೆ, ಇರಬೇಕು. ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಸ್ಕ್ರೀನ್‌ನಲ್ಲಿರುವುದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಅದನ್ನು ಹಾಕಿಕೊಂಡು ಮೌಸ್ ಇಲ್ಲದೆ ಒಂದು ಅರ್ಜಿ ಮುಗಿಸಲು ಆಗುತ್ತದಾ ನೋಡಿ. ಸ್ಕ್ಯಾನ್ ಮಾಡಿದ ದಾಖಲೆ ಬರೀ ಚಿತ್ರವಾಗಿದ್ದರೆ ಅದು ಮೌನವಾಗಿಬಿಡುತ್ತದೆ. ಆಗ ಪಕ್ಕದವರ ಹತ್ತಿರ ಓದಿಸಿಕೊಳ್ಳಬೇಕು. ಸ್ವಂತ ಕೆಲಸಕ್ಕೆ ದಿನವೂ ಇನ್ನೊಬ್ಬರನ್ನು ಕಾಯಬೇಕಾಗುತ್ತದೆ.

ಅಧ್ಯಯನದಲ್ಲಿ ಕಂಡದ್ದನ್ನು ಮೇಲಿನವರು ಒಪ್ಪದಿದ್ದರೆ?

ಐವತ್ತು ಪುಟದ ವರದಿ ಕೊಟ್ಟರೆ ಒಪ್ಪುವುದಿಲ್ಲ, ಓದುವುದೂ ಇಲ್ಲ. ಅವರನ್ನು ಕರೆದುಕೊಂಡು ಹೋಗಿ. ತಂಡದ ಪ್ರತಿಯೊಬ್ಬರೂ 6 ವಾರಕ್ಕೆ ಕನಿಷ್ಠ 2 ಗಂಟೆ ಬಳಕೆದಾರರನ್ನು ನೋಡಬೇಕು ಅನ್ನುವುದು ಬಳಕೆದಾರ ಅಧ್ಯಯನದ ತಜ್ಞ ಜೇರೆಡ್ ಸ್ಪೂಲ್ ಹೇಳಿದ ಮಾತು. ಅನುಭವದಲ್ಲಿ ಇದು ನಿಜ. ಒಬ್ಬ ತಾಯಿ ಅದೇ ಬಟನ್‌ಗೆ ಮೂರು ಸಲ ತಪ್ಪಾಗಿ ಕೈಯಿಡುವುದನ್ನು ಹಿಂದೆ ನಿಂತು ನೋಡಿದ ಅಧಿಕಾರಿಗೆ ಬೇರೆ ವಾದ ಬೇಕಾಗುವುದಿಲ್ಲ.

ಸೇವೆ ಶುರುವಾಯಿತು. ಇನ್ನು ಮುಗಿಯಿತಲ್ವಾ?

ಅಂಕಿಅಂಶ ನೋಡುತ್ತಿರಿ, ಆದರೆ ಎಷ್ಟು ವಿಲೇವಾರಿ ಆಯಿತು ಅನ್ನುವುದನ್ನು ಮಾತ್ರ ನೋಡಬೇಡಿ. ತಿರಸ್ಕಾರ ಆದವರಲ್ಲಿ ಎಷ್ಟು ಜನ ಅದೇ ಅರ್ಜಿ ಮತ್ತೆ ಹಾಕಿದರು? ತಿರಸ್ಕಾರದ ಕಾರಣಗಳಲ್ಲಿ "ಇತರೆ" ಎಷ್ಟು? ಅದು ಜಾಸ್ತಿ ಇದ್ದರೆ ನೀವು ಕೊಟ್ಟ ಕಾರಣಗಳ ಪಟ್ಟಿ ಅವರ ಕೆಲಸಕ್ಕೆ ಹೊಂದುತ್ತಿಲ್ಲ. ಯಾವ ಹೋಬಳಿಯಲ್ಲಿ ಅರ್ಜಿಗಳೇ ಬರುತ್ತಿಲ್ಲ?

ಆಮೇಲೆ ಮತ್ತೆ ಹೋಗಿ. ನೋಟ್‌ಬುಕ್ ಇಟ್ಟಿದ್ದ ಆ ಮೇಡಂ ಕಚೇರಿಗೆ ನಾವು ಆರು ತಿಂಗಳ ನಂತರ ಹೋದೆವು. ಅವರು ಈಗ ಊರು, ತಂದೆಯ ಹೆಸರು ಎಲ್ಲ ಕಂಪ್ಯೂಟರ್‌ನಲ್ಲೇ ಹುಡುಕುತ್ತಿದ್ದರು. ಆದರೆ ಡ್ರಾಯರ್‌ನಲ್ಲಿ ನೋಟ್‌ಬುಕ್ ಇನ್ನೂ ಇತ್ತು. ಅದರಲ್ಲಿ ಒಂದೇ ಕಾಲಂ ಉಳಿದಿತ್ತು: ಮತ್ತೆ ಯಾವತ್ತು ಬರುತ್ತಾರೆ. ನಾವು ಬಿಟ್ಟಿದ್ದ ಐದನೇ ಕಾಲಂ ಅದು. ದೂರದ ಊರಿಂದ ಬರುವವರ ಕಡತವನ್ನು ಹಿಂದಿನ ಸಂಜೆಯೇ ತೆಗೆದಿಡಲು ಅವರಿಗೆ ಆ ತಾರೀಕು ಬೇಕಿತ್ತು. ಮುಂದಿನ ಸುತ್ತಿನ ಕೆಲಸವನ್ನು ನಾವು ಅಲ್ಲಿಂದ ಶುರು ಮಾಡಿದೆವು.